ಮೊದಲ ನೆನಪಿಗೆ ಎಷ್ಟು ವಯಸ್ಸು?

ಹುಟ್ಟಿದ ರಾತ್ರಿ ಜೋರು ಮಳೆಯಂತೆ. ಸೂಲಗಿತ್ತಿ ಹಳ್ಳ ದಾಟಿ ಬರುವಷ್ಟರಲ್ಲಿ ಬೆಳಕು ಹರಿದಿತ್ತಂತೆ. ನಾಮಕರಣಕ್ಕೆ ಸೋದರಮಾವ ತೊಡಿಸಿದ ಉಂಗುರವನ್ನು ಬಾಯಿಗಿಟ್ಟುಕೊಂಡು ಮನೆಯವರನ್ನೆಲ್ಲ ಗಾಬರಿಗೆ ಬೀಳಿಸಿದ್ದಂತೆ. ಆತ್ಮಕಥೆಗಳ ಮೊದಲ ಪುಟಗಳು ಬಹುಮಟ್ಟಿಗೆ ಹೀಗೇ ಸಾಗುತ್ತವೆ. ಬರೆಯುತ್ತಿರುವುದು ತನ್ನದೇ ಬದುಕು, ಆದರೂ ಅದರ ಆರಂಭಕ್ಕೆ ಅಮ್ಮನದೋ ಅಜ್ಜಿಯದೋ ದೊಡ್ಡಪ್ಪನದೋ ಸಾಕ್ಷಿ ಬೇಕು. ಸ್ವಂತ ನೆನಪು ಬರುವುದು ಆಮೇಲೆ, ಅದೂ ಹಿಂದುಮುಂದಿಲ್ಲದ ತುಣುಕಾಗಿ: ಅಜ್ಜಿಮನೆಯ ಜಗಲಿಯ ತಂಪು, ಕೊಟ್ಟಿಗೆಯ ಕತ್ತಲಲ್ಲಿ ಹೊಳೆದ ಎಮ್ಮೆಯ ಕಣ್ಣು, ಅಪ್ಪನ ಸೈಕಲ್ಲಿನ ಕಂಬಿಯ ಮೇಲೆ ಕೂತು ಜೋಮು ಹಿಡಿದ ಕಾಲು.

ಆ ತುಣುಕು ಎಷ್ಟನೇ ವಯಸ್ಸಿನದು ಎಂದು ಕ್ರಮವಾಗಿ ವಿಚಾರಿಸಿದ ಮೊದಲಿಗರಲ್ಲಿ ಫ್ರಾನ್ಸಿನ ವಿಕ್ಟರ್ ಆನ್ರಿ ಮತ್ತು ಕ್ಯಾಥರೀನ್ ಆನ್ರಿ ದಂಪತಿಯೂ ಇದ್ದರು. 1890ರ ದಶಕದಲ್ಲಿ ಅವರು ಪತ್ರಿಕೆಗಳಲ್ಲಿ ಒಂದು ಪ್ರಶ್ನಾವಳಿ ಅಚ್ಚು ಹಾಕಿಸಿದರು. 123 ಮಂದಿ ಉತ್ತರ ಬರೆದು ಕಳಿಸಿದರು. ಹೆಚ್ಚಿನವರ ಮೊದಲ ನೆನಪು ಎರಡರಿಂದ ನಾಲ್ಕು ವರ್ಷದೊಳಗಿನದಾಗಿತ್ತು. ಆಮೇಲೆ ಎಷ್ಟೋ ದೇಶಗಳಲ್ಲಿ ಇದೇ ಪ್ರಶ್ನೆ ಕೇಳಿದ್ದಾರೆ. ಸರಾಸರಿ ಉತ್ತರ ಮೂರು, ಮೂರೂವರೆ ವರ್ಷದ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಅಲ್ಲಿಂದ ಆರೇಳು ವರ್ಷದವರೆಗಿನ ನೆನಪುಗಳೂ ವಿರಳವೇ. ಆ ಬಳಿಕ ಅವು ದಟ್ಟವಾಗುತ್ತ ಹೋಗುತ್ತವೆ.

ಈ ಮರೆವಿಗೆ ಹೆಸರು ಕೊಟ್ಟು ಅದನ್ನೊಂದು ಸಮಸ್ಯೆಯಾಗಿ ಮುಂದಿಟ್ಟವನು ಸಿಗ್ಮಂಡ್ ಫ್ರಾಯ್ಡ್. ಆನ್ರಿ ದಂಪತಿಯ ಪ್ರಶ್ನಾವಳಿಯನ್ನು 1899ರ ತನ್ನ ಪ್ರಬಂಧವೊಂದರಲ್ಲಿ ಆತ ಚರ್ಚಿಸಿದ್ದ. ಮಗು ಅತಿ ಹೆಚ್ಚು ಕಲಿಯುವ ಕಾಲವೇ ಹೀಗೆ ಮರೆತುಹೋಗುವುದೇಕೆ ಎಂಬ ಅವನ ಅಚ್ಚರಿ ಇಂದಿಗೂ ನ್ಯಾಯವಾದದ್ದೇ. ಅವನು ಕೊಟ್ಟ ಕಾರಣ, ಅಂದರೆ ಮುಜುಗರದ ಆಸೆಗಳನ್ನು ಮನಸ್ಸು ಅದುಮಿಡುತ್ತದೆ ಎಂಬುದು, ಈಗ ಸಂಶೋಧಕರಲ್ಲಿ ಹೆಚ್ಚು ಚಲಾವಣೆಯಲ್ಲಿಲ್ಲ. ಇಲಿಗಳೂ ತಮ್ಮ ಶೈಶವವನ್ನು ಮರೆಯುತ್ತವೆ. ಅವುಗಳ ಮೇಲೆ ಈ ಆರೋಪ ಹೊರಿಸುವುದು ಕಷ್ಟ.

ಸರಾಸರಿಯ ಲೆಕ್ಕದಲ್ಲೂ ಒಂದು ತೊಡಕಿದೆ. ನಮ್ಮ ಹಿರಿಯರಲ್ಲಿ ಬಹಳ ಜನರ ಹುಟ್ಟಿದ ತಾರೀಖು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ಅಂಥವರನ್ನು ನಿಮ್ಮ ಮೊದಲ ನೆನಪು ಎಷ್ಟನೇ ವಯಸ್ಸಿನದು ಎಂದು ಕೇಳಿದರೆ ಏನು ಹೇಳಿಯಾರು? ತಾರೀಖು ಸರಿಯಾಗಿ ಗೊತ್ತಿರುವವರ ಉತ್ತರವೂ ಅಷ್ಟೇನೂ ನಂಬಿಕಸ್ಥವಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಕ್ಯಾರೊಲ್ ಪೀಟರ್ಸನ್ ತಂದೆತಾಯಿಯರನ್ನು ವಿಚಾರಿಸಿ ತಾಳೆ ನೋಡಿದಾಗ, ಜನ ತಮ್ಮ ಮೊದಲ ನೆನಪುಗಳನ್ನು ನಿಜವಾದ ವಯಸ್ಸಿಗಿಂತ ತಡವಾಗಿ ಗುರುತಿಸುತ್ತಾರೆ ಎಂಬುದು ಕಂಡುಬಂತು. ಮತ್ತೆ ಮತ್ತೆ ಕೇಳುತ್ತಾ ಹೋದರೆ ಇನ್ನೂ ಹಳೆಯದೊಂದು ಹೊರಬರುವುದೂ ಉಂಟು. ದಶಕಗಳ ಈ ಕೆಲಸವನ್ನು ಒಟ್ಟುಗೂಡಿಸಿ 2021ರಲ್ಲಿ ಅವರು ಸರಾಸರಿಯನ್ನು ಎರಡೂವರೆ ವರ್ಷಕ್ಕೆ ಇಳಿಸಿದರು. ಹೀಗಾಗಿ ಸಂಶೋಧಕರಿಗೆ ತಾರೀಖು ಪಕ್ಕಾ ಇರುವ ಘಟನೆಗಳೆಂದರೆ ಇಷ್ಟ, ಅವುಗಳಲ್ಲಿ ತಮ್ಮನೋ ತಂಗಿಯೋ ಹುಟ್ಟಿದ್ದು ಮುಖ್ಯವಾದದ್ದು. ಜೋನೆಲ್ ಅಷರ್ ಮತ್ತು ಉಲ್ರಿಕ್ ನೈಸರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ವರ್ಷ ತುಂಬಿದಾಗ ನಡೆದದ್ದಾದರೂ ಇದು ಕೆಲವರಿಗೆ ನೆನಪಿರುತ್ತದೆ. ಮನೆ ಬದಲಾಯಿಸಿದ್ದು ನೆನಪಿರಬೇಕಾದರೆ ಮೂರು ವರ್ಷವಾದರೂ ಆಗಿರಬೇಕು.

ಹಾಗಾದರೆ ಎರಡು ವರ್ಷದೊಳಗಿನ ಮಗುವಿಗೆ ನೆನಪಿನ ಶಕ್ತಿಯೇ ಇಲ್ಲವೇ? ಬಹುಕಾಲ ಹಾಗೆಂದೇ ತಿಳಿಯಲಾಗಿತ್ತು. ಅದನ್ನು ಅಲುಗಾಡಿಸಿದ್ದು ಒಂದು ರಿಬ್ಬನ್ನು. ಅಮೆರಿಕದ ಮನೋವಿಜ್ಞಾನಿ ಕ್ಯಾರೊಲಿನ್ ರೋವಿ ಕೊಲಿಯರ್ 1960ರ ದಶಕದಲ್ಲಿ ಪಿಎಚ್.ಡಿ. ಮುಗಿಸುವ ಹೊತ್ತಿಗೆ ಅವರ ಕೈಕೂಸು ಬಿಡದೆ ಅಳುತ್ತಿತ್ತು. ತೊಟ್ಟಿಲ ಮೇಲೆ ತೂಗುವ ಆಟಿಕೆ ಅಲ್ಲಾಡಿದರೆ ಮಾತ್ರ ಸುಮ್ಮನಾಗುತ್ತಿತ್ತು. ಓದುವವರು ಎಷ್ಟು ಹೊತ್ತು ಅದನ್ನು ಅಲ್ಲಾಡಿಸುತ್ತ ಕೂರುವುದು? ಮಗುವಿನ ಕಾಲಿಗೆ ಪಟ್ಟಿಯೊಂದನ್ನು ಕಟ್ಟಿ ಅದರ ಇನ್ನೊಂದು ತುದಿಯನ್ನು ಆಟಿಕೆಗೆ ಸಿಕ್ಕಿಸಿದರು. ಕಾಲು ಒದ್ದರೆ ಆಟಿಕೆ ಕುಣಿಯುತ್ತದೆ ಎಂಬುದು ಮಗುವಿಗೆ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ತಾಯಿಗೆ ಓದಲು ಪುರುಸೊತ್ತು ಸಿಕ್ಕಿತು, ಶಾಸ್ತ್ರಕ್ಕೆ ಒಂದು ಹೊಸ ಪ್ರಯೋಗ ಸಿಕ್ಕಿತು.

ಮುಂದೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಇದನ್ನೇ ವರ್ಷಗಟ್ಟಲೆ ಬೆಳೆಸಿದರು. ಪಾಠವಾದ ಕೆಲವು ದಿನಗಳ ಮೇಲೆ ಮಗುವನ್ನು ಮತ್ತೆ ಅದೇ ಆಟಿಕೆಯ ಕೆಳಗೆ ಮಲಗಿಸಿ, ಈ ಸಲ ಪಟ್ಟಿ ಸಿಕ್ಕಿಸದೆ ನೋಡುವುದು. ನೆನಪಿದ್ದರೆ ಒದೆಯುತ್ತದೆ, ಇಲ್ಲದಿದ್ದರೆ ಸುಮ್ಮನೆ ನೋಡುತ್ತದೆ. ಮೂರು ತಿಂಗಳ ಕೂಸಿಗೆ ಸುಮಾರು ಒಂದು ವಾರ, ಆರು ತಿಂಗಳದ್ದಕ್ಕೆ ಎರಡು ವಾರ, ಸನ್ನೆ ಒತ್ತಿ ಆಟಿಕೆ ರೈಲು ಓಡಿಸುವ ಒಂದೂವರೆ ವರ್ಷದ ಮಗುವಿಗೆ ಸುಮಾರು 13 ವಾರ ನೆನಪು ನಿಲ್ಲುತ್ತದೆಂದು ಗೊತ್ತಾಯಿತು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಪೂರ್ತಿ ಮರೆತಂತೆ ಕಾಣುವ ಮಗುವಿಗೆ ಪರೀಕ್ಷೆಯ ಹಿಂದಿನ ದಿನ ಆಟಿಕೆ ಅಲ್ಲಾಡುವುದನ್ನು ಒಮ್ಮೆ ತೋರಿಸಿದರೆ ಸಾಕು, ಮರುದಿನ ಅದು ಮೊದಲಿನಂತೆಯೇ ಒದೆಯುತ್ತಿತ್ತು. ನೆನಪು ಒಳಗೆಲ್ಲೋ ಇತ್ತು, ಅದನ್ನು ಕರೆದು ಎಬ್ಬಿಸಬೇಕಾಗಿತ್ತು ಅಷ್ಟೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಟ್ರಿಸ್ಟನ್ ಯೇಟ್ಸ್ ಮತ್ತು ನಿಕ್ ಟರ್ಕ್ ಬ್ರೌನ್ ಅವರ ತಂಡ 2025ರಲ್ಲಿ ಇದರ ಮೆದುಳಿನ ಬದಿಯನ್ನು ತೋರಿಸಿತು. ನಾಲ್ಕು ತಿಂಗಳಿಂದ ಎರಡು ವರ್ಷದವರೆಗಿನ 26 ಮಕ್ಕಳನ್ನು ಎಂಆರ್‌ಐ ಯಂತ್ರದೊಳಗೆ ಎಚ್ಚರದಲ್ಲೇ ಮಲಗಿಸಿ ಮುಖ, ವಸ್ತು, ದೃಶ್ಯಗಳ ಚಿತ್ರ ತೋರಿಸಿದರು. ಸಣ್ಣ ಮಕ್ಕಳನ್ನು ಸಾಕಿದವರಿಗೆ ಗೊತ್ತು, ಈ ಪ್ರಯೋಗದ ಅತ್ಯಂತ ಕಠಿಣ ಭಾಗ ಅಲುಗದೆ ಮಲಗಿಸುವುದೇ. ಮೊದಲು ನೋಡಿದ ಚಿತ್ರವನ್ನು ಹೊಸದೊಂದರ ಪಕ್ಕ ಇಟ್ಟಾಗ ಮಗು ಹಳೆಯದನ್ನೇ ಹೆಚ್ಚು ಹೊತ್ತು ನೋಡಿದರೆ ಗುರುತು ಹತ್ತಿದೆ ಎಂದು ಲೆಕ್ಕ. ಹಾಗೆ ಗುರುತು ಹತ್ತಿದ ಚಿತ್ರಗಳನ್ನು ಮೊದಲ ಸಲ ನೋಡುವಾಗ ಹಿಪೊಕ್ಯಾಂಪಸ್ ಹೆಚ್ಚು ಚುರುಕಾಗಿತ್ತು. ಒಂದು ವರ್ಷ ದಾಟಿದ ಮಕ್ಕಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಹಿಪೊಕ್ಯಾಂಪಸ್ ಎಂದರೆ ಕಿವಿಯ ಮಟ್ಟದಲ್ಲಿ ಮೆದುಳಿನ ಒಳಮಡಿಕೆಯಲ್ಲಿರುವ, ಘಟನೆಗಳನ್ನು ಯಾವಾಗ, ಎಲ್ಲಿ, ಯಾರ ಜತೆ ಎಂಬುದರೊಂದಿಗೆ ಹೆಣೆಯುವ ಭಾಗ. ವರ್ಷದ ಮಗುವಿನಲ್ಲೇ ಅದು ಬರೆದುಕೊಳ್ಳುವ ಕೆಲಸ ಶುರುಮಾಡಿರುತ್ತದೆ.

ಬರೆದದ್ದು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಎಮರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾವರ್ ಮಕ್ಕಳನ್ನೇ ಹಿಂಬಾಲಿಸಿ ಉತ್ತರ ಹುಡುಕಿದರು. ಮೂರು ವರ್ಷದ ಮಕ್ಕಳು ಈಚೆಗೆ ನಡೆದ ಘಟನೆಗಳ ಬಗ್ಗೆ ಅಮ್ಮನ ಜತೆ ಆಡಿದ ಮಾತನ್ನು ಧ್ವನಿಮುದ್ರಿಸಿಕೊಂಡರು. ಮುಂದೆ ಅವರಲ್ಲಿ ಕೆಲವರನ್ನು ಐದನೇ ವಯಸ್ಸಿನಲ್ಲಿ, ಇನ್ನು ಕೆಲವರನ್ನು ಆರನೆಯದರಲ್ಲಿ, ಹೀಗೆ ಒಂಬತ್ತರವರೆಗೆ ಅದೇ ಘಟನೆಗಳ ಬಗ್ಗೆ ಕೇಳಿದರು. ಐದರಿಂದ ಏಳು ವರ್ಷದ ಮಕ್ಕಳಿಗೆ ಶೇ 60ಕ್ಕಿಂತ ಹೆಚ್ಚು ಘಟನೆಗಳು ನೆನಪಿದ್ದವು. ಎಂಟು, ಒಂಬತ್ತರ ಮಕ್ಕಳಿಗೆ ಶೇ 40ಕ್ಕಿಂತ ಕಡಿಮೆ. ಅಂದರೆ ಮರೆವು ಇಡಿಯಾಗಿ ದೊಡ್ಡವರಾದ ಮೇಲೆ ಕವಿಯುವುದಿಲ್ಲ, ಏಳೆಂಟರ ನಡುವೆ ನಮ್ಮ ಕಣ್ಣೆದುರೇ ನಡೆದುಹೋಗುತ್ತದೆ. ಯುಕೆಜಿಯ ಮಗು ಹಿಂದಿನ ವರ್ಷದ ಪ್ರವಾಸವನ್ನು ಚಾಚೂ ತಪ್ಪದೆ ಹೇಳಿ ನಮ್ಮನ್ನು ಬೆರಗುಗೊಳಿಸುತ್ತದೆ. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಅದೇ ಪ್ರವಾಸದ ಮಾತೆತ್ತಿದರೆ ನಾನೂ ಬಂದಿದ್ದೆನಾ ಎಂದು ಕೇಳುತ್ತದೆ.

ಯಾಕೆ ಹೀಗಾಗುತ್ತದೆ ಎನ್ನುವುದಕ್ಕೆ ಈವರೆಗೆ ಬಂದ ವಿವರಣೆಗಳಲ್ಲಿ ಜಾಣತನದ್ದೆಂದು ನನಗೆ ಅನ್ನಿಸುವುದು ಟೊರಾಂಟೊದ ಮಕ್ಕಳ ಆಸ್ಪತ್ರೆಯ ಪಾಲ್ ಫ್ರಾಂಕ್ಲೆಂಡ್ ಮತ್ತು ಶೀನಾ ಜೋಸೆಲಿನ್ ಅವರದು. ಹಿಪೊಕ್ಯಾಂಪಸ್ಸಿನ ಒಂದು ಭಾಗದಲ್ಲಿ ಹುಟ್ಟಿದ ಮೇಲೂ ಹೊಸ ನರಕೋಶಗಳು ಮೂಡುತ್ತಿರುತ್ತವೆ, ಎಳೆಯ ಪ್ರಾಯದಲ್ಲಿ ಅತಿ ವೇಗವಾಗಿ. ಹೊಸ ಕೋಶಗಳು ಬಂದರೆ ನೆನಪು ಚುರುಕಾಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಇವರು ಅದನ್ನು ತಿರುವಿ ನೋಡಿದರು. ಹಳೆಯ ಮನೆಗೆ ವರ್ಷವರ್ಷವೂ ಕೋಣೆ ಸೇರಿಸುತ್ತ ಹೋದರೆ ಹಿಂದಿನ ಬಾಗಿಲುಗಳು ಒಂದೊಂದಾಗಿ ಗೋಡೆಯ ಹಿಂದೆ ಸೇರಿಕೊಳ್ಳುವಂತೆ, ಹೊಸ ಕೋಶಗಳು ಸಂಪರ್ಕ ಬೆಳೆಸಿಕೊಳ್ಳುವ ಭರದಲ್ಲಿ ಹಳೆಯ ನೆನಪಿನ ದಾರಿಗಳು ಮುಚ್ಚಿಹೋಗುತ್ತಿರಬಹುದು ಎಂಬುದು ಅವರ ಊಹೆ.

2014ರಲ್ಲಿ ಪ್ರಕಟವಾದ ಅವರ ಪ್ರಯೋಗಗಳು ಈ ಊಹೆಯನ್ನು ನಾನಾ ಕಡೆಯಿಂದ ಒರೆಗೆ ಹಚ್ಚಿದವು. ಒಂದು ಪೆಟ್ಟಿಗೆಯಲ್ಲಿ ಕಾಲಿಗೆ ಸಣ್ಣ ವಿದ್ಯುತ್ ಆಘಾತ ತಗುಲಿದ ಇಲಿ, ಮುಂದೆ ಆ ಪೆಟ್ಟಿಗೆಗೆ ಬಿಟ್ಟರೆ ಹೆದರಿ ಮರಗಟ್ಟಿ ನಿಲ್ಲುತ್ತದೆ. ಬೆಳೆದ ಇಲಿಗೆ ವಾರಗಳಾಚೆಗೂ ಆ ಹೆದರಿಕೆ ಉಳಿಯಿತು. ಮರಿಗೆ ಮರುದಿನ ಇತ್ತು, ಕೆಲವು ವಾರಗಳಲ್ಲಿ ಹೋಯಿತು. ಮರಿಗಳಲ್ಲಿ ಹೊಸ ಕೋಶಗಳ ಹುಟ್ಟನ್ನು ತಗ್ಗಿಸಿದಾಗ ಅವು ಹೆಚ್ಚು ಕಾಲ ನೆನಪಿಟ್ಟುಕೊಂಡವು. ಬೆಳೆದ ಇಲಿಗಳಿಗೆ ಪಾಠವಾದ ಮೇಲೆ ಓಡುವ ಚಕ್ರ ಕೊಟ್ಟರು. ಓಟ ಹೊಸ ಕೋಶಗಳನ್ನು ಹೆಚ್ಚಿಸುತ್ತದೆ, ಆ ಇಲಿಗಳು ಕಲಿತದ್ದನ್ನು ಮರೆತವು. ಕೊನೆಯದಾಗಿ ಗಿನಿಹಂದಿ ಮತ್ತು ಚಿಲಿ ದೇಶದ ಡೇಗು ಎಂಬ ದಂಶಕ. ಇವುಗಳ ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತೇ ಹುಟ್ಟುತ್ತವೆ. ಮೆದುಳು ಬಹುಪಾಲು ಬಸಿರಲ್ಲೇ ಪಕ್ವವಾಗಿರುತ್ತದೆ. ಶೈಶವದ ಮರೆವು ಇವುಗಳಲ್ಲಿ ಕಾಣಿಸಲಿಲ್ಲ. 2018ರಲ್ಲಿ ಅದೇ ಪ್ರಯೋಗಾಲಯ ಇನ್ನೊಂದು ಹೆಜ್ಜೆ ಇಟ್ಟಿತು. ಮರಿಯಿದ್ದಾಗ ಪಾಠದ ಹೊತ್ತಿನಲ್ಲಿ ಚುರುಕಾಗಿದ್ದ ಕೋಶಗಳನ್ನು ಗುರುತು ಮಾಡಿಟ್ಟುಕೊಂಡು, ಇಲಿ ಬೆಳೆದ ಮೇಲೆ ಆ ಕೋಶಗಳನ್ನೇ ಬೆಳಕಿನಿಂದ ಪ್ರಚೋದಿಸಿದಾಗ ಮರೆತ ಹೆದರಿಕೆ ಮರಳಿ ಬಂತು. ಕೋಣೆ ಅಲ್ಲೇ ಇತ್ತು.

ಇಲಿಗೆ ಹೇಳಿಕೊಳ್ಳಲು ಭಾಷೆಯಿಲ್ಲ, ಅಜ್ಜಿಯೂ ಇಲ್ಲ. ಮನುಷ್ಯರ ಕಥೆ ಇಲ್ಲಿಂದ ಮುಂದೆ ಬೇರೆಯಾಗುತ್ತದೆ, ಈ ವಿಷಯದ ತಿರುಳೂ ನನಗೆ ಕಾಣುವುದು ಇಲ್ಲಿಯೇ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಗೇಬ್ರಿಯೆಲ್ ಸಿಮ್‌ಕಾಕ್ ಮತ್ತು ಹಾರ್ಲೀನ್ ಹೇನ್ ಒಂದು ಮಾಯಾ ಯಂತ್ರ ಕಟ್ಟಿದರು. ಮೇಲಿನ ಕಿಂಡಿಯಲ್ಲಿ ದೊಡ್ಡ ಆಟಿಕೆ ಹಾಕಿ ಹಿಡಿಕೆ ಎಳೆದರೆ ದೀಪ ಹೊತ್ತುತ್ತದೆ, ಸದ್ದಾಗುತ್ತದೆ, ಕೆಳಗಿನ ಬಾಗಿಲಲ್ಲಿ ಅದೇ ಆಟಿಕೆ ಪುಟಾಣಿಯಾಗಿ ಹೊರಬರುತ್ತದೆ. ಎರಡು, ಮೂರು ವರ್ಷದ ಮಕ್ಕಳು ಇದನ್ನು ಆಡಿ ಖುಷಿಪಟ್ಟರು. ಆ ಹೊತ್ತಿಗೆ ಪ್ರತಿ ಮಗುವಿಗೆ ಯಾವ್ಯಾವ ಪದ ಗೊತ್ತು ಎಂಬುದನ್ನೂ ಪಟ್ಟಿ ಮಾಡಿಕೊಂಡಿದ್ದರು. ಆರು ತಿಂಗಳು, ಒಂದು ವರ್ಷ ಕಳೆದು ಕೇಳಿದಾಗ ಮಕ್ಕಳು ಯಂತ್ರವನ್ನು ಹೇಗೆ ನಡೆಸಬೇಕೆಂದು ಮಾಡಿ ತೋರಿಸಿದರು, ಫೋಟೊದಲ್ಲಿ ಗುರುತು ಹಿಡಿದರು. ಬಾಯಲ್ಲಿ ಹೇಳುವಾಗ ಮಾತ್ರ, ಆಟದ ದಿನ ತಮಗೆ ಗೊತ್ತಿದ್ದ ಪದಗಳನ್ನಷ್ಟೇ ಬಳಸಿದರು. ಈ ನಡುವೆ ಕಲಿತ ಹೊಸ ಪದಗಳನ್ನು ಹಳೆಯ ಅನುಭವಕ್ಕೆ ಹಚ್ಚಲಿಲ್ಲ. 2002ರ ಈ ಪ್ರಯೋಗದ ಮಕ್ಕಳನ್ನು ಆರು ವರ್ಷದ ಮೇಲೆ ಹುಡುಕಿ ಮಾತಾಡಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗಷ್ಟೇ ಆ ಯಂತ್ರ ನೆನಪಿತ್ತು.

ಮಾತಿಲ್ಲದೆ ಕಂಡದ್ದು ಆಮೇಲೆ ಮಾತಾಗಿ ಬರುವುದು ಕಷ್ಟ. ಮಾತಿನಲ್ಲಿ ಕಂಡದ್ದಾದರೂ ಅದನ್ನು ಯಾರೊಂದಿಗೋ ಆಡಬೇಕು. ಜಾತ್ರೆಯ ಮರುದಿನ ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗಳನ್ನು ಕೇಳುತ್ತಾರೆ ಎಂದುಕೊಳ್ಳಿ.

"ನಿನ್ನೆ ತೇರು ನೋಡಿದ್ವಲ್ಲ ಪುಟ್ಟಿ, ಯಾರ ಹೆಗಲ ಮೇಲೆ ಕೂತಿದ್ದೆ?"

"ಮಾವ."

"ಹ್ಞೂಂ, ಮಾವನ ಹೆಗಲ ಮೇಲೆ. ಅಲ್ಲಿಂದ ತೇರಿಗೆ ಏನು ಎಸೆದೆ?"

"ಬಾಳೆಹಣ್ಣು."

"ಅದು ಹೋಗಿ ಪೂಜಾರಪ್ಪನ ತಲೆ ಮೇಲೇ ಬಿತ್ತಲ್ಲ! ಆಮೇಲೆ ಪೀಪಿ ಬೇಕು ಅಂತ ಅತ್ತಿದ್ದು ಯಾರು?"

ಇನ್ನೊಂದು ಮನೆಯಲ್ಲಿ ಇದೇ ಮಾತು ಪರೀಕ್ಷೆಯಾಗುತ್ತದೆ: "ನಿನ್ನೆ ಎಲ್ಲಿಗೆ ಹೋಗಿದ್ವಿ ಹೇಳು? ಯಾವ ದೇವರ ತೇರು? ಅಷ್ಟೂ ಗೊತ್ತಾಗಲ್ವಾ?" ಮೊದಲನೆಯ ಅಜ್ಜಿ ಮಗುವಿನ ಒಂದೊಂದು ಪದವನ್ನೂ ಎತ್ತಿಕೊಂಡು ಅದಕ್ಕೆ ಇನ್ನೊಂದು ಎಳೆ ಸೇರಿಸಿ ವಾಪಸು ಕೊಡುತ್ತಾರೆ. ಎಲೇನ್ ರೀಸ್, ರಾಬಿನ್ ಫೈವುಷ್ ಮೊದಲಾದವರು ತಾಯಂದಿರ ಮಾತುಗಳನ್ನು ಧ್ವನಿಮುದ್ರಿಸಿ ಈ ಎರಡು ರೀತಿಗಳನ್ನೇ ಹೋಲಿಸಿ ನೋಡಿದ್ದಾರೆ. ಒಟಾಗೊದ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಎಳೆ ಸೇರಿಸುತ್ತ ಮಾತಾಡುತ್ತಿದ್ದ ತಾಯಂದಿರ ಮಕ್ಕಳು ಹದಿಹರೆಯಕ್ಕೆ ಬಂದಾಗ ಹೇಳಿದ ಮೊದಲ ನೆನಪುಗಳು ಉಳಿದವರದಕ್ಕಿಂತ ಹಿಂದಿನವಾಗಿದ್ದವು.

ಮನೆಯ ಮಾತಿನ ರೂಢಿ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಹಾಗಾಗಿ ಮೊದಲ ನೆನಪಿನ ವಯಸ್ಸೂ ಬೇರೆ. ನ್ಯೂಜಿಲೆಂಡಿನಲ್ಲಿ 2000ದಲ್ಲಿ ಮಾಡಿದ ಹೋಲಿಕೆಯಲ್ಲಿ ಯುರೋಪ್ ಮೂಲದವರ ಮೊದಲ ನೆನಪು ಸರಾಸರಿ ಮೂರೂವರೆ ವರ್ಷದ್ದಾದರೆ ಅಲ್ಲಿನ ಮೂಲನಿವಾಸಿ ಮಾವೊರಿ ಜನರದು ಎರಡೂ ಮುಕ್ಕಾಲು ವರ್ಷಕ್ಕಿಂತ ಸ್ವಲ್ಪ ಮುಂಚಿನದು. ವಂಶದ, ನೆಲದ, ಹುಟ್ಟಿದ ಗಳಿಗೆಯ ಕಥೆಗಳನ್ನು ಮಕ್ಕಳಿಗೆ ಹೇಳುವ ಗಟ್ಟಿ ಪರಂಪರೆ ಮಾವೊರಿಗಳದು. ಕಾರ್ನೆಲ್ ವಿಶ್ವವಿದ್ಯಾಲಯದ ಚಿ ವಾಂಗ್ 2001ರಲ್ಲಿ ಅಮೆರಿಕದ ಮತ್ತು ಚೀನಾದ ವಿದ್ಯಾರ್ಥಿಗಳನ್ನು ಹೋಲಿಸಿದಾಗ ಚೀನೀಯರ ನೆನಪು ಸುಮಾರು ಆರು ತಿಂಗಳು ತಡವಾಗಿ ಶುರುವಾಗುತ್ತಿತ್ತು. ಅಮೆರಿಕನ್ನರ ನೆನಪುಗಳಲ್ಲಿ ನಾನು, ನನಗೆ ಅನ್ನಿಸಿದ್ದು ಹೆಚ್ಚು. ಚೀನೀಯರದರಲ್ಲಿ ಮನೆಮಂದಿ, ನೆರೆಹೊರೆ, ದಿನವೂ ನಡೆಯುತ್ತಿದ್ದದ್ದು ಹೆಚ್ಚು. ಇದರಿಂದ ಒಬ್ಬರ ನೆನಪಿನ ಶಕ್ತಿ ಮೇಲು, ಇನ್ನೊಬ್ಬರದು ಕೀಳು ಎಂದೇನೂ ಆಗುವುದಿಲ್ಲ. ನಿನಗೇನಾಯಿತು ಎಂದು ಮಗುವನ್ನು ಕೇಳುವ ಮನೆಗೂ, ದೊಡ್ಡವರು ಮಾತಾಡುವಾಗ ಸುಮ್ಮನಿರು ಎನ್ನುವ ಮನೆಗೂ ವ್ಯತ್ಯಾಸ ಇದ್ದೇ ಇರುತ್ತದೆ. ನಮ್ಮ ಕೂಡುಕುಟುಂಬಗಳಲ್ಲಿ ಕಥೆ ಹೇಳುವವರಿಗೇನೋ ಬರವಿರಲಿಲ್ಲ. ಮಗುವಿನ ಕಥೆಯನ್ನು ಕೇಳುವ ಪುರುಸೊತ್ತು ಎಷ್ಟು ಜನಕ್ಕಿತ್ತು ಎಂಬ ಅನುಮಾನ ನನಗಿದೆ.

ನನ್ನದೇ ಹಳೆಯ ನೆನಪೆಂದರೆ ಅಜ್ಜಿಮನೆಯ ಬಾಣಂತಿ ಕೋಣೆ. ಅರೆಮುಚ್ಚಿದ ಬಾಗಿಲು, ಸಾಂಬ್ರಾಣಿ ಹೊಗೆ, ಒಳಗೆ ಅಮ್ಮನ ತಲೆಗೆ ಸುತ್ತಿದ ಬಿಳಿ ಬಟ್ಟೆ. ತಂಗಿ ಹುಟ್ಟಿದ್ದಳು. ಎರಡೂವರೆ ವರ್ಷದವನಿಗೆ ಅಲ್ಲಿ ಎಲ್ಲವೂ ಮಾಮೂಲಿಗಿಂತ ಬೇರೆ: ಊರು ಬೇರೆ, ಮನೆ ಬೇರೆ, ಅಮ್ಮನ ಪಕ್ಕದ ಜಾಗ ಬೇರೆಯವರ ಪಾಲಾಗಿತ್ತು. ನೆನಪು ಊರಲು ಬೇಕಾದದ್ದೆಲ್ಲ ಇತ್ತು. ಆದರೂ ಆ ಬಿಳಿ ಬಟ್ಟೆ ನಾನು ಕಂಡದ್ದೋ, ಆಮೇಲೆ ಅತ್ತಿಗೆಯರ ಬಾಣಂತನಗಳಲ್ಲಿ ಕಂಡದ್ದು ಅಲ್ಲಿಗೆ ಹೋಗಿ ಸೇರಿಕೊಂಡಿದ್ದೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ.

ಈ ಅಳುಕಿಗೆ ಆಧಾರವಿದೆ. ಮಕ್ಕಳ ಮನಸ್ಸನ್ನು ಬದುಕಿಡೀ ಅಧ್ಯಯನ ಮಾಡಿದ ಸ್ವಿಸ್ ವಿಜ್ಞಾನಿ ಜೀನ್ ಪಿಯಾಜೆಗೆ ಎರಡನೇ ವಯಸ್ಸಿನದೊಂದು ಸ್ಪಷ್ಟ ನೆನಪಿತ್ತು. ಪ್ಯಾರಿಸ್ಸಿನ ಷಾನ್ಜ್ ಎಲಿಜೆ ಬೀದಿಯಲ್ಲಿ ದಾದಿ ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾಗ ಒಬ್ಬ ಅವನನ್ನು ಅಪಹರಿಸಲು ಬಂದ. ದಾದಿ ಅಡ್ಡ ನಿಂತಳು, ಮುಖಕ್ಕೆ ಗೀರು ಗಾಯಗಳಾದವು, ಜನ ಸೇರಿದರು, ಬಿಳಿ ಕೋಲು ಹಿಡಿದ ಪೊಲೀಸ್ ಬಂದ, ಕಳ್ಳ ಓಡಿದ. ದಾದಿಯ ಮುಖದ ಗೀರುಗಳು ಪಿಯಾಜೆಗೆ ಕಣ್ಣಿಗೆ ಕಟ್ಟಿದಂತಿದ್ದವು. ಅವನಿಗೆ ಹದಿನೈದು ವರ್ಷವಾಗಿದ್ದಾಗ ಆ ದಾದಿಯಿಂದ ಅವನ ತಂದೆತಾಯಿಗೆ ಕಾಗದ ಬಂತು. ಕಥೆ ತಾನೇ ಕಟ್ಟಿದ್ದು, ಗೀರುಗಳೂ ತಾನೇ ಮಾಡಿಕೊಂಡದ್ದು ಎಂದು ಬರೆದು, ಬಹುಮಾನವಾಗಿ ಪಡೆದಿದ್ದ ಕೈಗಡಿಯಾರವನ್ನು ಹಿಂದಿರುಗಿಸಿದ್ದಳು. ಮನೆಯವರ ಬಾಯಲ್ಲಿ ಕೇಳಿದ ಕಥೆ ಮಗುವಿನ ಕಣ್ಣಿಗೆ ಇಳಿದು ದೃಶ್ಯವಾಗಿತ್ತು.

ಫೋಟೊ ಇದ್ದರೆ ಈ ಕೆಲಸ ಇನ್ನೂ ಸಲೀಸು. ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 2002ರಲ್ಲಿ 20 ಮಂದಿಗೆ ಅವರ ಬಾಲ್ಯದ ನಿಜ ಫೋಟೊಗಳ ನಡುವೆ ಒಂದು ಸುಳ್ಳು ಫೋಟೊ ಸೇರಿಸಿ ತೋರಿಸಿದರು: ಮನೆಯವರ ಜತೆ ಬಿಸಿಗಾಳಿ ಬಲೂನಿನಲ್ಲಿ ಕೂತದ್ದು. ಯಾರೂ ಬಲೂನು ಹತ್ತಿದವರಲ್ಲ. ಮೂರು ಭೇಟಿಗಳ ಕೊನೆಗೆ ಅರ್ಧದಷ್ಟು ಜನ ಆ ಪ್ರಯಾಣದ ಏನನ್ನಾದರೂ ನೆನಪಿಸಿಕೊಂಡರು. 2018ರ ಒಂದು ಸಮೀಕ್ಷೆಯಲ್ಲಿ 6,641 ಜನರನ್ನು ಕೇಳಿದಾಗ ಶೇ 38.6 ಮಂದಿ ಎರಡು ವರ್ಷ ಅಥವಾ ಅದಕ್ಕೂ ಹಿಂದಿನ ನೆನಪಿದೆ ಎಂದರು, 893 ಮಂದಿ ಒಂದು ವರ್ಷ ಅಥವಾ ಅದಕ್ಕೂ ಹಿಂದಿನದೇ ಇದೆ ಎಂದರು. ಇವುಗಳಲ್ಲಿ ಬಹುಪಾಲು ಫೋಟೊ, ಮನೆಮಾತು ಮತ್ತು ಬಿಡಿ ಚಿತ್ರಗಳು ಸೇರಿ ಕಟ್ಟಿಕೊಂಡವು ಎಂಬುದು ಆ ಸಂಶೋಧಕರ ಅಭಿಪ್ರಾಯ.

ಒಡಹುಟ್ಟಿದವರ ಜಗಳವೂ ಇದಕ್ಕೆ ಸೇರಿದ್ದೇ. ಬಾವಿಕಟ್ಟೆಯಿಂದ ಬಿದ್ದವನು ನಾನು, ಅಲ್ಲ ನಾನು ಎಂದು ಅರವತ್ತರ ಅಣ್ಣತಮ್ಮಂದಿರು ಮದುವೆ ಮನೆಯಲ್ಲಿ ವಾದಿಸುವುದನ್ನು ಕೇಳಿರುತ್ತೀರಿ. ಮರ್ಸಿಡಿಸ್ ಷೀನ್, ಸೈಮನ್ ಕೆಂಪ್, ಡೇವಿಡ್ ರೂಬಿನ್ 2001ರಲ್ಲಿ ಅವಳಿಗಳಲ್ಲಿ ಇದನ್ನೇ ಅಧ್ಯಯನ ಮಾಡಿದರು. ಒಂದೇ ಘಟನೆ ನನಗೆ ಆದದ್ದೆಂದು ಇಬ್ಬರೂ ಹಟ ಹಿಡಿಯುವ ಪ್ರಕರಣಗಳು ಅವಳಿಗಳಲ್ಲಿ ಸಾಮಾನ್ಯವೆಂದು ಕಂಡಿತು. ಇಬ್ಬರೂ ಅದನ್ನು ಕಣ್ಣಾರೆ ಕಂಡಂತೆಯೇ ವಿವರಿಸುತ್ತಿದ್ದರು. ಇಂಥ ನೆನಪನ್ನು ಸುಳ್ಳು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಾಗದು. ಬಾವಿಕಟ್ಟೆ ಇತ್ತು, ಒಬ್ಬ ಬಿದ್ದದ್ದು ನಿಜ, ಅಂದಿನ ಗಾಬರಿಯೂ ನಿಜ. ಮನೆಯಲ್ಲಿ ಹತ್ತಾರು ಸಲ ಹೇಳಿದ್ದರಿಂದಲೇ ಅದು ಇಷ್ಟು ಕಾಲ ಉಳಿಯಿತು, ಹೇಳಿ ಹೇಳಿಯೇ ಅದರ ಒಡೆತನ ಕಲಸಿಹೋಯಿತು. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವಾಗ ಮಾತ್ರ ಇಷ್ಟು ಧಾರಾಳವಾಗಿರಲು ಬರುವುದಿಲ್ಲ.

ಹೇಳದೆಯೂ ಉಳಿಯುವ ನೆನಪುಗಳಿಗೆ ವಾಸನೆಯದೊಂದು ದಾರಿ ಇದೆ. ಕಣ್ಣು, ಕಿವಿಗಳ ಸಂದೇಶ ಮೊದಲು ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ಮೂಗಿನದು ಆ ಸುತ್ತು ಹಾಕದೆ ಭಾವನೆಯ ಅಮಿಗ್ಡಲಾ ಮತ್ತು ಹಿಪೊಕ್ಯಾಂಪಸ್ಸಿನ ನೆರೆಹೊರೆಗೆ ನೇರವಾಗಿ ತಲುಪುತ್ತದೆ. ಸ್ವೀಡನ್ನಿನ ಯೋಹಾನ್ ವಿಲಾಂಡರ್ ಮತ್ತು ಮಾರಿಯಾ ಲಾರ್ಸನ್ 2006ರಲ್ಲಿ ವಯಸ್ಸಾದವರಿಗೆ ಪದ, ಚಿತ್ರ, ವಾಸನೆಗಳನ್ನು ಕೊಟ್ಟು ಏನು ನೆನಪಾಗುತ್ತದೆಂದು ಕೇಳಿದರು. ಪದ ಮತ್ತು ಚಿತ್ರಗಳು ಹೆಚ್ಚಾಗಿ ಹನ್ನೊಂದರಿಂದ ಇಪ್ಪತ್ತರ ವಯಸ್ಸಿನವನ್ನು ಎಬ್ಬಿಸಿದವು. ವಾಸನೆಗಳು ಮೊದಲ ಹತ್ತು ವರ್ಷದವನ್ನು ಎಬ್ಬಿಸಿದವು. ಸೀಗೆಪುಡಿ, ಅಡಿಕೆ ಬೇಯಿಸುವ ಹಂಡೆ, ಹೊಸ ಪಠ್ಯಪುಸ್ತಕದ ಶಾಯಿ: ಯಾರಿಗೆ ಯಾವುದು ಎಂಬುದು ಬೆಳೆದ ಊರಿನ ಮೇಲೆ.

ಭಾಷೆಯೂ ಹೀಗೆ ಬಾಗಿಲು ತೆರೆಯುತ್ತದೆ. ವಿಯೋರಿಕಾ ಮಾರಿಯನ್ ಮತ್ತು ನೈಸರ್ 2000ದಲ್ಲಿ, ರಷ್ಯದಿಂದ ಬಂದು ಅಮೆರಿಕದಲ್ಲಿ ಬೆಳೆದ ಯುವಜನರನ್ನು ಎರಡೂ ಭಾಷೆಗಳಲ್ಲಿ ಸಂದರ್ಶಿಸಿದರು. ರಷ್ಯನ್ನಿನಲ್ಲಿ ಕೇಳಿದಾಗ ರಷ್ಯನ್ ಮಾತಾಡುತ್ತಿದ್ದ ದಿನಗಳ ಘಟನೆಗಳು ಹೆಚ್ಚು ಬಂದವು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷ್ ಮಾತಾಡಿದ ದಿನಗಳವು. ದಾವಣಗೆರೆಯಲ್ಲಿ ಹುಟ್ಟಿ ಡಲ್ಲಾಸಿನಲ್ಲಿ ನೆಲೆಸಿದವರು ಅಕ್ಕನಿಗೆ ಫೋನು ಮಾಡಿದಾಗ ವರ್ಷಗಟ್ಟಲೆ ಹೊಳೆಯದ ಬೀದಿಯೊಂದು ಹೊಳೆಯುವುದಕ್ಕೆ ಅಕ್ಕನ ದನಿಯಷ್ಟೇ ಕಾರಣವಿರಲಾರದು.

ಶಾಲೆಯ ದಿನಗಳಿಗೆ ಬಂದರೆ ನೆನಪು ಗಟ್ಟಿ ನೆಲದ ಮೇಲೆ ನಿಲ್ಲುತ್ತದೆ. ಆದರೆ ಇಲ್ಲಿ ಬೇರೊಂದು ಬಗೆಯ ಮರೆವು ಕೆಲಸ ಮಾಡುತ್ತದೆ. ನೂರಾರು ಬೆಳಗಿನ ಪ್ರಾರ್ಥನೆಗಳು ಕರಗಿ ಒಂದೇ ಪ್ರಾರ್ಥನೆಯಾಗುತ್ತವೆ. ಸಾಲು, ಬಿಸಿಲು, ಮುಂದಿದ್ದವನ ಹೆಗಲು ಇದ್ದೇ ಇರುತ್ತವೆ, ಯಾವ ದಿನದ್ದೆಂದು ಮಾತ್ರ ಹೇಳಲಾಗದು. ಬಿಡಿಯಾಗಿ ಉಳಿಯುವುದು ಮೊದಲ ದಿನದ ಅಳು, ಸ್ಲೇಟು ಒಡೆದದ್ದು, ಬಹುಮಾನಕ್ಕೆ ಹೆಸರು ಕರೆದದ್ದು, ಮಾಡದ ತಪ್ಪಿಗೆ ಏಟು ತಿಂದದ್ದು. ಮಗ್ಗಿಯದು ಇನ್ನೂ ಬೇರೆ ಜಾತಿ. ಹದಿಮೂರೇಳ್ಲಿ ಎಂದರೆ ತೊಂಬತ್ತೊಂದು ತಾನಾಗಿ ನಾಲಿಗೆಗೆ ಬರುತ್ತದೆ, ಕಲಿತ ಸಂಜೆ ಯಾವುದೆಂದು ಗೊತ್ತಿಲ್ಲ. ಅಪಸ್ಮಾರಕ್ಕೆಂದು 1953ರಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಹಿಪೊಕ್ಯಾಂಪಸ್ಸಿನ ಬಹುಭಾಗ ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿ ಗೆರೆ ಎಳೆಯುವ ಕೆಲಸದಲ್ಲಿ ಆತ ದಿನದಿನಕ್ಕೆ ಪಳಗುತ್ತ ಹೋದದ್ದನ್ನು ಬ್ರೆಂಡಾ ಮಿಲ್ನರ್ ದಾಖಲಿಸಿದರು. ಪ್ರತಿ ದಿನವೂ ಇದು ತನ್ನ ಮೊದಲ ಪ್ರಯತ್ನ ಎಂದೇ ಆತ ತಿಳಿದಿದ್ದ. ಕೈಗೆ ಹತ್ತಿದ ಅಭ್ಯಾಸಕ್ಕೂ ನಡೆದ ಘಟನೆಗೂ ಮೆದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ ಎಂಬುದಕ್ಕೆ ಅದು ಮೊದಮೊದಲ ಪುರಾವೆಗಳಲ್ಲೊಂದು. ನಡೆಯಲು, ಮಾತಾಡಲು ಕಲಿತದ್ದು ಮೊದಲ ಮೂರು ವರ್ಷದಲ್ಲೇ ಆದರೂ ಅದನ್ನು ಯಾರೂ ಮರೆಯದಿರುವುದಕ್ಕೆ ಈ ಬೇರ್ಪಾಟೂ ಒಂದು ಕಾರಣ.

ಈಗ ಊರೂರಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಮಾಡುತ್ತಾರೆ. ಎಸ್ಸೆಸ್ಸೆಲ್ಸಿಯ ನಂತರ ನೋಡದವರೂ ಅಂದು ಎದುರಾಗುತ್ತಾರೆ. ಮುಖ ಗೊತ್ತು, ಹೆಸರು ಬಾಯಿಗೆ ಬರುವುದಿಲ್ಲ. ಹ್ಯಾರಿ ಬಾರಿಕ್ 1975ರಲ್ಲಿ ಅಮೆರಿಕದ 392 ಮಂದಿ ಹಳೆಯ ವಿದ್ಯಾರ್ಥಿಗಳನ್ನು ಅವರವರ ಶಾಲಾ ವಾರ್ಷಿಕ ಪುಸ್ತಕಗಳ ಫೋಟೊ ಇಟ್ಟುಕೊಂಡು ಪರೀಕ್ಷಿಸಿದರು. ಶಾಲೆ ಬಿಟ್ಟು 35 ವರ್ಷವಾದವರೂ ಸಹಪಾಠಿಗಳ ಮುಖಗಳನ್ನು ಹತ್ತಕ್ಕೆ ಒಂಬತ್ತರಷ್ಟು ಸರಿಯಾಗಿ ಗುರುತಿಸಿದರು. ಏನೂ ತೋರಿಸದೆ ಹೆಸರು ಹೇಳಿ ಎಂದಾಗ ಈಚೆಗಷ್ಟೇ ಶಾಲೆ ಬಿಟ್ಟವರೂ ತಡವರಿಸಿದರು. ಆದ್ದರಿಂದ ಎದುರಿಗಿರುವವರ ಹೆಸರು ಹೊಳೆಯದಿದ್ದರೆ ನಾಚಿಕೊಳ್ಳಬೇಕಿಲ್ಲ. ಯಾರ ಬಳಿಯಾದರೂ ಹತ್ತನೇ ತರಗತಿಯ ಗ್ರೂಪ್ ಫೋಟೊ ಇದೆಯೇ ಎಂದು ವಿಚಾರಿಸಬಹುದು. ಅದರ ರಟ್ಟಿನ ಕೆಳಗೆ ಡ್ರಾಯಿಂಗ್ ಮೇಷ್ಟ್ರು ಕೂತವರು, ನಿಂತವರು ಎಂದು ಸಾಲಾಗಿ ಹೆಸರು ಬರೆದಿದ್ದರೆ ಕೆಲಸ ಇನ್ನೂ ಸುಲಭ.